ಎರೆಹುಳು ಎತ್ತಿದ ಭೂಮಿ: ಒಂದು ಹುಟ್ಟಿನ ಕಥೆಯನ್ನ ಕ್ಲಾಸಲ್ಲಿ ಹೇಗೆ ಹೇಳ್ಕೊಡೋದು?

ಭಾಗ 1/8 – ಸರ್‌ನೇಮ್ ಒಳಗೊಂದು ಕಥೆ

ದ್ರೌಪದಿ ಮುರ್ಮು. ಹೇಮಂತ್ ಸೊರೇನ್. ಈ ಎರಡು ಹೆಸರು ಕೇಳದೇ ಇರೋರು ನಮ್ಮಲ್ಲಿ ಯಾರೂ ಇಲ್ಲ. ಒಬ್ಬರು 2022ರ ಜುಲೈ 25ರಂದು ರಾಷ್ಟ್ರಪತಿಯಾಗಿ ಪ್ರಮಾಣವಚನ ತಗೊಂಡವರು, ಇನ್ನೊಬ್ಬರು ಜಾರ್ಖಂಡ್ ಮುಖ್ಯಮಂತ್ರಿ ಆದವರು. ಕರೆಂಟ್ ಅಫೇರ್ಸ್‌ಗೆ ಅಂತ ಇಬ್ಬರನ್ನೂ ಬಾಯಿಪಾಠ ಮಾಡಿರ್ತೀವಿ. ಆದ್ರೆ 'ಮುರ್ಮು' ಅಂದ್ರೇನು, 'ಸೊರೇನ್' ಅಂದ್ರೇನು ಅಂತ ಯಾವ ಗೈಡೂ ಹೇಳಲ್ಲ.

ಇಬ್ಬರೂ ಸಂತಾಲ ಸಮುದಾಯದವರು. ಭಾರತದ ದೊಡ್ಡ ಆದಿವಾಸಿ ಸಮುದಾಯಗಳಲ್ಲಿ ಇದೂ ಒಂದು. ಜಾರ್ಖಂಡ್, ಪಶ್ಚಿಮ ಬಂಗಾಳ, ಒಡಿಶಾ, ಬಿಹಾರ, ಅಸ್ಸಾಮ್ ಅಷ್ಟೇ ಅಲ್ಲ, ಬಾಂಗ್ಲಾದೇಶ, ನೇಪಾಳದಲ್ಲೂ ಇದ್ದಾರೆ. 2011ರ ಜನಗಣತಿ ಪ್ರಕಾರ ಭಾರತದಲ್ಲಿ ಸಂತಾಲಿ ಮಾತಾಡೋರು ಸುಮಾರು 73 ಲಕ್ಷ. ಮುರ್ಮು, ಸೊರೇನ್, ಕಿಸ್ಕು, ಟುಡು, ಹೇಮ್ಬ್ರಮ್, ಹಾಂಸ್ದಾ ಇವೆಲ್ಲ ಅವರ ಕುಲಗಳ ಹೆಸರು. ಆ ಕುಲಗಳು ಹೇಗೆ ಬಂದವು ಅನ್ನೋದು ಅವರ ಹುಟ್ಟಿನ ಕಥೆಯಲ್ಲಿದೆ. ಅಂದ್ರೆ ನಾವು ದಿನಾ ನ್ಯೂಸಲ್ಲಿ ಆ ಕಥೆಯ ಒಂದೊಂದು ತುಣುಕು ಓದ್ತಾನೇ ಇದ್ದೀವಿ, ಗೊತ್ತಿಲ್ಲ ಅಷ್ಟೇ.

ಈ ಸರಣಿ ಯಾಕೆ ಅಂದ್ರೆ, ನಮ್ಮ ಕ್ಲಾಸಲ್ಲಿ ನಾಲ್ಕೈದು ಜನ ಸಂಜೆ ಹೊತ್ತು ಮಕ್ಕಳಿಗೆ ಟ್ಯೂಷನ್ ಹೇಳ್ಕೊಡ್ತೀರ. ಕೆಲವರು ಡಿಗ್ರಿ ಮುಗಿಸಿ ಬಿ.ಎಡ್ ಕಡೆ ಹೋಗೋರು. ಎನ್ನೆಸ್ಸೆಸ್ ಕ್ಯಾಂಪಲ್ಲಿ ಹಳ್ಳಿ ಸ್ಕೂಲ್ ಮಕ್ಕಳ ಮುಂದೆ ನಿಲ್ಲೋರು ಇನ್ನೂ ಜಾಸ್ತಿ. ಆದಿವಾಸಿಗಳ ಧರ್ಮದ ಬಗ್ಗೆ ಒಂದು ಪೀರಿಯಡ್ ಪಾಠ ಮಾಡಿ ಅಂದ್ರೆ ಏನು ಹೇಳ್ತೀರ? 'ಅವರು ಮರ, ಕಲ್ಲು, ಪ್ರಾಣಿಗಳನ್ನ ಪೂಜೆ ಮಾಡ್ತಿದ್ರು.' ಮುಗೀತು, ಅಲ್ವಾ? ಆ ಒಂದು ಲೈನಲ್ಲಿ ಎಷ್ಟು ಬಿಟ್ಟುಹೋಗುತ್ತೆ ಅಂತ ತೋರಿಸೋಕೆ ಒಂದೇ ಒಂದು ಕಥೆ ತಗೊಂಡಿದ್ದೀನಿ.

ಸ್ವೈಪ್ ಮಾಡ್ತಾ ಹೋಗಿ.

ಭಾಗ 2/8 – ಕಥೆ

ನನ್ನ ಮಾತಲ್ಲಿ ಹೇಳ್ತೀನಿ. ಹೇಳೋರಿಂದ ಹೇಳೋರಿಗೆ ವಿವರ ಸ್ವಲ್ಪ ಬದಲಾಗುತ್ತೆ.

ಮೊದಲು ಇದ್ದದ್ದು ಬರೀ ನೀರು. ಮಣ್ಣು ನೀರಿನ ತಳದಲ್ಲಿತ್ತು. ಎಲ್ಲಕ್ಕೂ ಮೂಲವಾದ ಠಾಕುರ್ ಜಿಯು ಮಣ್ಣಲ್ಲಿ ಎರಡು ಮನುಷ್ಯರ ಬೊಂಬೆ ಮಾಡಿದ. ಜೀವ ತುಂಬೋ ಮೊದಲೇ ಹಗಲಿನ ಕುದುರೆ ಸಿನ್ ಸಾದೋಮ್ ಬಂದು ತುಳಿದು ಹಾಕ್ತು. ಸರಿ, ಮನುಷ್ಯ ಬೇಡ, ಹಕ್ಕಿ ಮಾಡೋಣ ಅಂತ ಒಂದು ಜೋಡಿ ಹಂಸ ಮಾಡಿ ಉಸಿರು ಕೊಟ್ಟ. ಅವುಗಳ ಹೆಸರು ಹಾಂಸ್, ಹಾಂಸಿಲ್. ಹಾರಿದವು, ಹಾರಿದವು, ಕೂರೋಕೆ ಜಾಗವೇ ಇಲ್ಲ. ವಾಪಸ್ ಬಂದು ಠಾಕುರ್ ಕೈ ಮೇಲೇ ಕೂತವು.

ಆಗ ಠಾಕುರ್ ನೀರಲ್ಲಿರೋ ಜೀವಿಗಳನ್ನ ಕರೆದ. ಮೊಸಳೆ ಮಣ್ಣು ಎತ್ತೋಕೆ ಹೋಯ್ತು, ಮೇಲೆ ಬರೋಷ್ಟರಲ್ಲಿ ಎಲ್ಲ ಕರಗಿಹೋಯ್ತು. ಸೀಗಡಿ, ಏಡಿ ಇವುಗಳ ಕೈಲೂ ಆಗಲಿಲ್ಲ. ಕೊನೆಗೆ ಎರೆಹುಳು 'ಆಮೆ ನೀರಿನ ಮೇಲೆ ನಿಂತ್ರೆ ನಾನು ಎತ್ತುತ್ತೀನಿ' ಅಂತು. ಆಮೆಯ ನಾಲ್ಕು ಕಾಲಿಗೆ ನಾಲ್ಕು ದಿಕ್ಕಿಂದ ಸರಪಳಿ ಬಿಗಿದು ಅಲ್ಲಾಡದ ಹಾಗೆ ನಿಲ್ಲಿಸಿದ್ರು. ಎರೆಹುಳು ಬಾಲವನ್ನ ಆಮೆ ಬೆನ್ನ ಮೇಲಿಟ್ಟು, ಬಾಯನ್ನ ನೀರಿನ ತಳಕ್ಕೆ ಇಳಿಸ್ತು. ಕೆಳಗೆ ಮಣ್ಣು ತಿಂತು, ಮೇಲೆ ಹಾಕ್ತು. ಹಾಗೆ ಭೂಮಿ ಎದ್ದಿತು. ಠಾಕುರ್ ಅದನ್ನ ಸಮ ಮಾಡಿಸಿದಾಗ ಉಳಿದ ಹೆಂಟೆಗಳೇ ಬೆಟ್ಟ ಆದವು.

ಆ ನೆಲದಲ್ಲಿ ಹುಲ್ಲು ಬೆಳೀತು. ಹಂಸಗಳು ಹುಲ್ಲಲ್ಲಿ ಗೂಡು ಕಟ್ಟಿ ಎರಡು ಮೊಟ್ಟೆ ಇಟ್ಟವು. ಮೊಟ್ಟೆ ಒಡೆದು ಬಂದದ್ದು ಎರಡು ಮನುಷ್ಯ ಕೂಸು: ಪಿಲ್ಚು ಹಾಡಾಮ್, ಪಿಲ್ಚು ಬುಢಿ. ಮೊದಲ ಗಂಡು, ಮೊದಲ ಹೆಣ್ಣು. ಹಿಹಿಡಿ-ಪಿಪಿಡಿ ಅನ್ನೋ ಜಾಗದಲ್ಲಿ ಬೆಳೆದ್ರು. ಅವರಿಗೆ ಏಳು ಗಂಡು, ಏಳು ಹೆಣ್ಣು ಮಕ್ಕಳು.

ಕಥೆ ಇಲ್ಲಿಗೆ ನಿಲ್ಲಲ್ಲ. ಅಲ್ಲಿಂದ ಜನ ಯಾವ ಯಾವ ಸೀಮೆಗೆ ಹೋದ್ರು, ಬೆಂಕಿಮಳೆ ಸುರಿದಾಗ ಒಂದೇ ಒಂದು ಜೋಡಿ ಬೆಟ್ಟದಲ್ಲಿ ಹೇಗೆ ಉಳೀತು, ಸಾಸಾಂಗ್ ಬೇಡಾ ಅನ್ನೋ ಜಾಗದಲ್ಲಿ ಕುಲಗಳು ಹೇಗೆ ಆದವು, ಚಂಪಾ ಅನ್ನೋ ನಾಡಲ್ಲಿ ಒಂದೊಂದು ಕುಲ ಹೇಗೆ ಕೋಟೆ ಕಟ್ಕೊಂಡಿತ್ತು, ಅಲ್ಲೀವರೆಗೂ ಹೋಗುತ್ತೆ.

ಭಾಗ 3/8 – ಇದು ಅವರ ಸಿಲಬಸ್

ಈಗ ಮುಖ್ಯ ವಿಷಯ. ಈ ಕಥೆಯನ್ನ ಅವರಲ್ಲಿ ಯಾವಾಗ ಹೇಳ್ತಾರೆ?

ಮಲಗೋ ಹೊತ್ತಲ್ಲಿ ಮಕ್ಕಳನ್ನ ಸಮಾಧಾನ ಮಾಡೋಕೆ ಹೇಳೋದಲ್ಲ. ಚಾಚೋ ಛಟಿಯಾರ್ ಅಂತ ಒಂದು ಶಾಸ್ತ್ರ ಇದೆ. ಅದಾದ್ಮೇಲೇ ಹುಡುಗ ಅಥವಾ ಹುಡುಗಿ ಸಮುದಾಯದ ಪೂರ್ತಿ ಸದಸ್ಯ ಅಂತ ಲೆಕ್ಕ. ಮದುವೆ ಆಗ್ಬೇಕಂದ್ರೂ ಅದು ಆಗಿರಬೇಕು. ಆ ಹೊತ್ತಲ್ಲಿ ಹಿರಿಯರು ಈ ಇಡೀ ಕಥೆ ಹೇಳ್ತಾರೆ. ನಾವು ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡ್ ಇಲ್ದೇ ಪಿಯುಗೆ ಹೋಗೋಕಾಗಲ್ವಲ್ಲ, ಹಾಗೆ ಅನ್ಕೊಳ್ಳಿ. ಒಬ್ಬ ಸಂತಾಲ ದೊಡ್ಡವನಾಗೋ ಮೊದಲು ಗೊತ್ತಿರಬೇಕಾದ ಪಾಠ ಇದು.

ಆ ಪಾಠದಲ್ಲಿ ಏನಿದೆ ನೋಡಿ.

ಮದುವೆ ನಿಯಮ ಇದೆ. ಒಡಹುಟ್ಟಿದವರ ನಡುವೆ ಮತ್ತೆ ಸಂಬಂಧ ಆಗಬಾರದು ಅಂತಲೇ ಕುಲ ವಿಂಗಡಿಸಿದ್ದು ಅಂತ ಕಥೆ ಹೇಳುತ್ತೆ. ಇವತ್ತಿಗೂ ಒಂದೇ ಕುಲದೊಳಗೆ ಮದುವೆ ನಿಷಿದ್ಧ. ನಮ್ಮ ರಾಷ್ಟ್ರಪತಿಗಳ ತಂದೆ ಬಿರಂಚಿ ನಾರಾಯಣ ಟುಡು, ಪತಿ ಶ್ಯಾಮ್ ಚರಣ್ ಮುರ್ಮು. ಹುಟ್ಟಿದ ಕುಲ ಟುಡು, ಸೇರಿದ ಕುಲ ಮುರ್ಮು.

ಪ್ರಾಣಿಗಳ ಜೊತೆಗಿನ ನಂಟು ಇದೆ. ಹಾಂಸ್ದಾ ಕುಲಕ್ಕೆ ಹಂಸ, ಮುರ್ಮು ಕುಲಕ್ಕೆ ನೀಲ್‌ಗಾಯ್. ಕೆಲಸದ ನೆನಪೂ ಇದೆ. ಚಂಪಾ ನಾಡಲ್ಲಿ ಕಿಸ್ಕು ರಾಜರು, ಮುರ್ಮು ಪೂಜೆಯವರು, ಸೊರೇನ್ ಸೈನಿಕರು ಅಂತ ಹೇಳ್ಕೊಳ್ತಾರೆ.

ವಲಸೆಯ ದಾರಿ ಇದೆ. ಆ ಊರುಗಳೆಲ್ಲ ಮ್ಯಾಪಲ್ಲಿ ಎಲ್ಲಿದ್ದವು ಅಂತ ಬೆರಳಿಟ್ಟು ತೋರಿಸೋದು ಕಷ್ಟ. ಆದ್ರೆ 'ನಾವು ಒಂದೇ ಕಡೆ ಹುಟ್ಟಿ ಕೂತವರಲ್ಲ, ನಡೆದು ಬಂದವರು, ಕಳ್ಕೊಂಡು ಬಂದವರು' ಅನ್ನೋ ನೆನಪು ಅದರಲ್ಲಿ ಗಟ್ಟಿಯಾಗಿದೆ.

ಧರ್ಮ, ಇತಿಹಾಸ, ಕಾನೂನು, ಭೂಗೋಳ ಎಲ್ಲ ಒಂದೇ ಕಥೆಯಲ್ಲಿದೆ. ನಾವು ಅದನ್ನ ಪಾಠದಲ್ಲಿ 'ಒಂದು ಸ್ವಾರಸ್ಯಕರ ಜಾನಪದ ಕಥೆ' ಅಂತ ಬಾಕ್ಸ್ ಒಳಗೆ ಹಾಕಿಬಿಟ್ರೆ, ಅರ್ಧಕ್ಕಿಂತ ಜಾಸ್ತಿ ಹೊರಗೇ ಉಳಿಯುತ್ತೆ.

ಭಾಗ 4/8 – ಬರೆದಿಟ್ಟಿದ್ದು ಯಾರು?

ಇತಿಹಾಸದಲ್ಲಿ ಯಾವ ದಾಖಲೆ ಸಿಕ್ಕಿದ್ರೂ ಮೊದಲ ಪ್ರಶ್ನೆ ಇದೇ ಆಗಬೇಕು. ಅಕೌಂಟ್ಸಲ್ಲಿ ವೋಚರ್ ನೋಡಿದ ತಕ್ಷಣ 'ಯಾರು ಸೈನ್ ಮಾಡಿದ್ದು?' ಅಂತ ಕೇಳ್ತೀವಲ್ಲ, ಹಂಗೆ.

1867ರಲ್ಲಿ ನಾರ್ವೆಯ ಲಾರ್ಸ್ ಓಲ್ಸೆನ್ ಸ್ಕ್ರೆಫ್ಸ್‌ರುಡ್ ಮತ್ತು ಜೊತೆಗಾರ ಹಾನ್ಸ್ ಪೀಟರ್ ಬೋರೆಸೆನ್ ಸಂತಾಲ್ ಪರಗಣದ ಬೆನಾಗಡಿಯಾದಲ್ಲಿ ಮಿಷನ್ ಶುರು ಮಾಡಿದ್ರು. 1870-71ರ ಸುಮಾರಿಗೆ ಕೊಲೆಯಾನ್ ಅನ್ನೋ ಸಂತಾಲ ಗುರು ಈ ಕಥೆ, ಹಬ್ಬ, ಮದುವೆ, ಸಾವಿನ ಶಾಸ್ತ್ರ ಎಲ್ಲ ಹೇಳಿದ್ರು, ಸ್ಕ್ರೆಫ್ಸ್‌ರುಡ್ ಸಂತಾಲಿಯಲ್ಲೇ, ಆದ್ರೆ ರೋಮನ್ ಲಿಪಿಯಲ್ಲಿ ಬರ್ಕೊಂಡ್ರು. 1887ರಲ್ಲಿ 'ಹೊಡ್‌ಕೊರೆನ್ ಮಾರೆ ಹಾಪಡಾಮ್‌ಕೊ ರೆಯಾಕ್ ಕಥಾ' ಅಂತ ಪುಸ್ತಕವಾಗಿ ಬಂತು. ಹಳೇ ಪೂರ್ವಜರ ಕಥೆ ಅಂತ ಅರ್ಥ. ಪಿ. ಓ. ಬೋಡಿಂಗ್ ಮಾಡಿದ ಇಂಗ್ಲಿಷ್ ಅನುವಾದ ಬಂದಿದ್ದು 1942ರಲ್ಲಿ.

ಇಲ್ಲಿ ಎರಡು ಮಾತು ಒಟ್ಟಿಗೆ ಇಟ್ಕೋಬೇಕು. ಒಂದು, ಆ ಪುಸ್ತಕ ಇಲ್ದಿದ್ರೆ 150 ವರ್ಷದ ಹಿಂದೆ ಕಥೆ ಹೇಗಿತ್ತು ಅಂತ ಹೋಲಿಸಿ ನೋಡೋಕೆ ಇಷ್ಟು ವಿವರ ಸಿಗ್ತಿರಲಿಲ್ಲ. ಎರಡು, ಬರ್ಕೊಂಡವರ ಕೆಲಸ ಮತಪ್ರಚಾರ. 'ಠಾಕುರ್' ಅನ್ನೋ ಹೆಸರನ್ನೇ ಮಿಷನರಿಗಳು ತಮ್ಮ ದೇವರಿಗೂ ಬಳಸಿದ್ರು. ಆ ಪದವೂ ಮೂಲದಲ್ಲಿ ಸಂತಾಲಿಯದ್ದಲ್ಲ, ಪಕ್ಕದ ಆರ್ಯ ಭಾಷೆಗಳಿಂದ ಬಂದದ್ದು. ಹಾಗಾಗಿ ಪುಸ್ತಕದಲ್ಲಿರೋ ಠಾಕುರ್‌ನಲ್ಲಿ ಕೊಲೆಯಾನ್ ಹೇಳಿದ್ದೆಷ್ಟು, ಕೇಳಿಸ್ಕೊಂಡವರ ಕಿವಿ ಸೇರಿಸಿದ್ದೆಷ್ಟು ಅಂತ ಕೇಳೋದು ನ್ಯಾಯವೇ.

ಇದನ್ನ ಮಕ್ಕಳಿಗೆ ಹೇಳಬಹುದಾ? ಖಂಡಿತ. ಏಳನೇ ಕ್ಲಾಸ್ ಮಗುಗೂ ಅರ್ಥ ಆಗುತ್ತೆ. ಒಂದು ಕಥೆಯನ್ನ ಕಿವಿಯಲ್ಲಿ ಹೇಳಿ ಹತ್ತು ಜನರ ಸಾಲಲ್ಲಿ ಕಳಿಸಿ, ಕೊನೇ ಮಗು ಹೇಳಿದ್ದನ್ನ ಬೋರ್ಡ್ ಮೇಲೆ ಬರೀರಿ. 'ಬರೆದೋರು ಯಾರು ಅನ್ನೋದು ಯಾಕೆ ಮುಖ್ಯ?' ಅಂತ ಆಮೇಲೆ ಕೇಳಿ.

ಇನ್ನೊಂದು. ಪುಸ್ತಕದ ಮೇಲೆ ಸ್ಕ್ರೆಫ್ಸ್‌ರುಡ್ ಹೆಸರು ದೊಡ್ಡದಾಗಿ ಉಳೀತು. ಬಾಯಲ್ಲಿ ಅಷ್ಟನ್ನೂ ಇಟ್ಕೊಂಡಿದ್ದ ಕೊಲೆಯಾನ್ ಹೆಸರನ್ನ ನಾವು ಪಾಠದಲ್ಲಿ ಮೊದಲು ಹೇಳೋಣ.

ಭಾಗ 5/8 – ಟೆಕ್ಸ್ಟ್‌ಬುಕ್ ತಗೊಂಡಿದ್ದು ಯಾವ ಅರ್ಧ?

ಸಂತಾಲರು ಅಂದ್ರೆ ನಮಗೆ ನೆನಪಾಗೋದು ಒಂದೇ ಪಾಯಿಂಟ್: '1855ರ ಸಂತಾಲ ದಂಗೆ.' ಕಾರಣಗಳು: ಜಮೀನ್ದಾರರು, ಸಾಲ ಕೊಡೋ ಮಹಾಜನರು, ಕಂಪನಿ ಕಂದಾಯ. ಎಲ್ಲ ಸರಿಯೇ. ನಮ್ಮ ಕಾಮರ್ಸ್ ಮಂದಿಗೆ ಬೇಗ ಹಿಡಿಸೋ ವಿಷಯ ಕೂಡ. ಸಂತಾಲರಿಂದ ಭತ್ತ ಕೊಳ್ಳೋಕೆ ಒಂದು ತೂಕದ ಕಲ್ಲು, ಅವರಿಗೆ ಮಾರೋಕೆ ಇನ್ನೊಂದು. ಬಡ್ಡಿ ತೀರದೇ ಮನುಷ್ಯನೇ ಜೀತಕ್ಕೆ ಬೀಳೋದು.

ಆದ್ರೆ 1855ರ ಜೂನ್ 30ರಂದು ಭೋಗನಾಡಿಹ್ ಊರಲ್ಲಿ ಸಾವಿರಾರು ಜನ ಸೇರಿದ್ದು ಬರೀ ಬಡ್ಡಿ ಲೆಕ್ಕ ಹಾಕಿ ಅಲ್ಲ. ಸಿದೋ, ಕಾನ್ಹು ಅನ್ನೋ ಮುರ್ಮು ಕುಲದ ಅಣ್ಣತಮ್ಮಂದಿರು 'ಠಾಕುರ್ ನಮಗೆ ಕಾಣಿಸ್ಕೊಂಡ, ಅಪ್ಪಣೆ ಕೊಟ್ಟ' ಅಂತ ಸಾರಿದ್ರು. ಊರೂರಿಗೆ ಸಾಲ್ ಮರದ ಕೊಂಬೆ ಕಳಿಸಿ ಜನರನ್ನ ಕರೆದ್ರು. ಅದೇ ಠಾಕುರ್. ಎರೆಹುಳುವಿಗೆ ಕೆಲಸ ಹೇಳಿದ ಠಾಕುರ್.

ಹುಟ್ಟಿನ ಕಥೆ ಗೊತ್ತಿದ್ದ ಮಗುಗೆ ಆ ಅಪ್ಪಣೆಯ ತೂಕ ಅರ್ಥ ಆಗುತ್ತೆ. ಈ ಭೂಮಿಯನ್ನ ನೀರಿಂದ ಎತ್ತಿಸಿದವನೇ 'ಭೂಮಿ ನಿಮ್ಮದು' ಅಂತಿದ್ದಾನೆ ಅನ್ನೋ ನಂಬಿಕೆ ಅದು. ಗೊತ್ತಿಲ್ಲದ ಮಗುಗೆ ಅದು 'ಮೂಢನಂಬಿಕೆಯಿಂದ ಪ್ರೇರಿತರಾಗಿ' ಅಂತ ಒಂದು ಲೈನ್ ಆಗುತ್ತೆ, ಇಲ್ಲಾ ಪೂರ್ತಿ ಬಿಟ್ಟೇ ಹೋಗುತ್ತೆ.

ಹೂಲ್ (ಸಂತಾಲಿಯಲ್ಲಿ ಈ ಬಂಡಾಯದ ಹೆಸರು) ಸೋತಿತು, ಸಾವಿರಾರು ಜನ ಸತ್ತರು. ಆದ್ರೆ ಅದೇ ವರ್ಷ ಸಂತಾಲ್ ಪರಗಣ ಅಂತ ಬೇರೆ ಜಿಲ್ಲೆ ಮಾಡಲೇಬೇಕಾಯ್ತು. ದಂಗೆಯ ಕಾರಣದಲ್ಲಿ ಆರ್ಥಿಕ ಅರ್ಧ ಮಾತ್ರ ಬರೆದ್ರೆ, ಹೊಟ್ಟೆ ಹಸಿದಾಗ ಎದ್ದು ನಿಂತೋರು ಅಂತ ಆಗುತ್ತೆ. ಅವರಿಗೆ ನ್ಯಾಯ ಅನ್ಯಾಯದ ಬಗ್ಗೆ ಅವರದ್ದೇ ಆದ ವಿಚಾರ ಇತ್ತು ಅನ್ನೋದು ಕಾಣಲ್ಲ.

ಭಾಗ 6/8 – 'ಇದು ನಮ್ಮ ಕೂರ್ಮಾವತಾರ ಅಲ್ವಾ?'

ಕ್ಲಾಸಲ್ಲಿ ಈ ಪ್ರಶ್ನೆ ಬಂದೇ ಬರುತ್ತೆ. ಆಮೆ ಬೆನ್ನ ಮೇಲೆ ಭೂಮಿ, ನೀರಿನ ತಳದಿಂದ ಮಣ್ಣು ಎತ್ತೋದು. ದಶಾವತಾರ ಗೊತ್ತಿರೋ ಯಾವ ಮಗುಗಾದ್ರೂ ಕೂರ್ಮ, ವರಾಹ ನೆನಪಾಗುತ್ತೆ. ಪ್ರಶ್ನೆ ಒಳ್ಳೇದೇ. ಬೈಯೋದು ಬೇಡ.

ಉತ್ತರ ಕೊಡೋಕೆ ಇನ್ನೊಂದು ಕಥೆ ಸೇರಿಸಿ. ಉತ್ತರ ಅಮೆರಿಕದ ಹೌಡೆನೊಶೋನಿ ಜನರಲ್ಲಿ (ಇರೋಕ್ವಾ ಅಂತ ಕೇಳಿರ್ತೀರ) ಆಕಾಶದಿಂದ ಒಬ್ಬ ಹೆಂಗಸು ಬೀಳ್ತಾಳೆ. ಕೆಳಗೆ ಬರೀ ನೀರು. ನೀರುಹಕ್ಕಿಗಳು ಅವಳನ್ನ ರೆಕ್ಕೆ ಮೇಲೆ ತಡ್ಕೊಳ್ತವೆ. ಒಂದೊಂದೇ ಪ್ರಾಣಿ ತಳಕ್ಕೆ ಮುಳುಗಿ ಸೋಲುತ್ತೆ. ಕೊನೆಗೆ ನೀರಿಲಿಯಂಥ ಸಣ್ಣ ಪ್ರಾಣಿ ಹಿಡಿ ಮಣ್ಣು ತರುತ್ತೆ, ಅದನ್ನ ಆಮೆ ಬೆನ್ನ ಮೇಲೆ ಹರಡ್ತಾರೆ, ಭೂಮಿ ಬೆಳೆಯುತ್ತೆ. ಜಾರ್ಖಂಡಿಗೂ ಅಲ್ಲಿಗೂ ಸಮುದ್ರಗಳೇ ಅಡ್ಡ. ಆದ್ರೂ ಆಮೆ, ಹಕ್ಕಿ, ಮುಳುಗೋ ಪ್ರಾಣಿ ಮೂರೂ ಇವೆ. ಇಂಥ ಕಥೆಗಳು ಲೋಕದ ಎಷ್ಟೋ ಕಡೆ ಇವೆ.

ಹೋಲಿಕೆ ಇದೆ ಅಂದ ಮಾತ್ರಕ್ಕೆ ಒಂದು ಇನ್ನೊಂದರ ಕಾಪಿ ಅಂತ ಆಗಲ್ಲ. 'ಎಲ್ಲ ನಮ್ಮದರಿಂದಲೇ ಹೋಗಿದ್ದು' ಅಂತ ಮುಗಿಸಿಬಿಟ್ರೆ ವ್ಯತ್ಯಾಸ ನೋಡೋಕೆ ಆಗೋದೇ ಇಲ್ಲ. ಇಲ್ಲಿ ವ್ಯತ್ಯಾಸ ಎರೆಹುಳು. ವರಾಹ ಅಂದ್ರೆ ದೇವರೇ ಇಳಿದು ಬಂದು ಭೂಮಿ ಎತ್ತೋದು. ಸಂತಾಲರ ಕಥೆಯಲ್ಲಿ ದೇವರು ಕೇಳ್ಕೋತಾನೆ, ಬಲಶಾಲಿ ಮೊಸಳೆ ಸೋಲುತ್ತೆ, ಕಾಲಡಿಯ ಹುಳ ಗೆಲ್ಲುತ್ತೆ, ಅದೂ ಒಬ್ಬಂಟಿಯಾಗಿ ಅಲ್ಲ, ಆಮೆ ಜೊತೆ ಸೇರಿ. ಹೊಲದಲ್ಲಿ ಎರೆಹುಳು ಮಣ್ಣು ತಿಂದು ಹೊರಗೆ ಹಾಕೋದನ್ನ ದಿನಾ ನೋಡಿದ ಜನ ಕಟ್ಟಿದ ಕಥೆ ಅದು. ಎರೆಗೊಬ್ಬರ ಗೊತ್ತಿರೋ ನಮ್ಮ ರೈತರ ಮಕ್ಕಳಿಗೆ ಬೇರೆ ವಿವರಣೆ ಬೇಕಾಗಲ್ಲ.

ನಮ್ಮ ಪದಗಳನ್ನೂ ಒಂದ್ಸಲ ನೋಡ್ಕೋಬೇಕು. ನಮ್ಮ ಮನೆಯ ಕಥೆಗೆ 'ಪುರಾಣ' ಅಂತೀವಿ, ಅವರದಕ್ಕೆ 'ಕಟ್ಟುಕಥೆ' ಅಂತೀವಿ. ನಮ್ಮದು 'ಆಚರಣೆ', ಅವರದು 'ಮೂಢನಂಬಿಕೆ'. ನಾವು 'ನಂಬುತ್ತೇವೆ', ಅವರು 'ನಂಬುತ್ತಿದ್ದರು'. ಈ 'ಇದ್ದರು' ತುಂಬಾ ಡೇಂಜರ್. ಲಕ್ಷಾಂತರ ಜನ ಇವತ್ತು ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗಿದ್ದಾರೆ, ನಮ್ಮ ಪಾಠ ಮಾತ್ರ ಅವರನ್ನ ಭೂತಕಾಲಕ್ಕೆ ಕಳಿಸಿಬಿಡುತ್ತೆ.

ಭಾಗ 7/8 – ಕಾಲಂ ಇಲ್ಲದ ಧರ್ಮ

ಭೂತಕಾಲಕ್ಕೆ ಕಳಿಸಿದ್ರೆ ಏನು ನಷ್ಟ ಅಂದ್ರಾ? ಜನಗಣತಿ ಫಾರಂ ನೋಡಿ.

ಬ್ರಿಟಿಷರ ಕಾಲದ ಜನಗಣತಿಗಳಲ್ಲಿ ಆದಿವಾಸಿಗಳ ಧರ್ಮಕ್ಕೆ ಬೇರೆ ಬೇರೆ ಹೆಸರಲ್ಲಿ ಪ್ರತ್ಯೇಕ ಲೆಕ್ಕ ಇತ್ತು. ಒಂದ್ಸಲ 'ಆನಿಮಿಸ್ಟ್', ಇನ್ನೊಂದ್ಸಲ 'ಬುಡಕಟ್ಟು ಧರ್ಮ'. ಹೆಸರು ಹೊರಗಿನವರು ಇಟ್ಟಿದ್ದು, ನಿಜ. ಸ್ವಾತಂತ್ರ್ಯ ಬಂದ ಮೇಲೆ 1951ರಿಂದ ಆ ಪ್ರತ್ಯೇಕ ಲೆಕ್ಕವೂ ಹೋಯ್ತು. 2011ರಲ್ಲಿ ಆರು ಧರ್ಮಗಳಿಗೆ ಕೋಡ್ ಇತ್ತು, ಉಳಿದವರೆಲ್ಲ 'ಇತರೆ'. ಆ 'ಇತರೆ'ಯಲ್ಲಿ ಸುಮಾರು 79 ಲಕ್ಷ ಜನ. ಅದರಲ್ಲಿ 49 ಲಕ್ಷಕ್ಕೂ ಹೆಚ್ಚು ಜನ ತಾವೇ ಕೇಳಿ 'ಸರನಾ' ಅಂತ ಬರೆಸಿದ್ರು. ಸರನಾ ಅಂದ್ರೆ ಊರ ಪಕ್ಕದ ದೇವರ ಬನ. ಸಂತಾಲರು ತಮ್ಮ ಬನಕ್ಕೆ ಜಾಹೇರ್ ಅಂತಾರೆ. ಬಾಹಾ ಹಬ್ಬದಲ್ಲಿ ಸಾಲ್ ಹೂವು ಏರಿಸೋದು ಅಲ್ಲೇ.

2020ರ ನವೆಂಬರ್ 11ರಂದು ಜಾರ್ಖಂಡ್ ವಿಧಾನಸಭೆ ಪ್ರತ್ಯೇಕ ಸರನಾ ಕೋಡ್ ಬೇಕು ಅಂತ ನಿರ್ಣಯ ಮಾಡ್ತು. 2023ರಲ್ಲಿ ಪಶ್ಚಿಮ ಬಂಗಾಳ ವಿಧಾನಸಭೆಯೂ ಮಾಡ್ತು. ಇದರಲ್ಲಿ ಆದಿವಾಸಿಗಳ ಒಳಗೇ ಚರ್ಚೆ ಇದೆ. ಹಿಂದೂ ಅಂತ ಬರೆಸೋರು ಇದ್ದಾರೆ, ಕ್ರೈಸ್ತರಾದವರು ಇದ್ದಾರೆ, ಸರನಾ ಅನ್ನೋ ಒಂದೇ ಹೆಸರು ಎಲ್ಲರಿಗೂ ಹೊಂದುತ್ತಾ ಅಂತ ಕೇಳೋರೂ ಇದ್ದಾರೆ. ತೀರ್ಪು ಕೊಡೋದು ನಮ್ಮ ಕೆಲಸ ಅಲ್ಲ. ಆದ್ರೆ ಒಂದು ಧರ್ಮ ಇದೆ ಅಂತಲೇ ಮಕ್ಕಳಿಗೆ ಗೊತ್ತಿಲ್ಲದಿದ್ರೆ, ನಾಳೆ ಅವರು ದೊಡ್ಡವರಾಗಿ ಆ ಕಾಲಂ ಪ್ರಶ್ನೆಯನ್ನ ಅರ್ಥ ಮಾಡ್ಕೊಳ್ಳೋದಾದ್ರೂ ಹೇಗೆ?

ಶಾಲೆ ಎಷ್ಟು ಕಿತ್ಕೊಳ್ಳಬಹುದು, ಎಷ್ಟು ಕೊಡಬಹುದು ಅನ್ನೋದಕ್ಕೆ ಎರಡು ಉದಾಹರಣೆ. ರಾಷ್ಟ್ರಪತಿಗಳೇ ಒಂದು ಸಂದರ್ಶನದಲ್ಲಿ ಹೇಳಿದ್ದಾರೆ: ಅವರ ಸಂತಾಲಿ ಹೆಸರು ಪುಟಿ, 'ದ್ರೌಪದಿ' ಅನ್ನೋದು ಶಾಲೆಯ ಮೇಷ್ಟ್ರು ಇಟ್ಟ ಹೆಸರು. ಇನ್ನೊಂದು ಕಡೆ ಪಂಡಿತ್ ರಘುನಾಥ್ ಮುರ್ಮು. ಅವರೂ ಅದೇ ಮಯೂರ್‌ಭಂಜ್ ಸೀಮೆಯವರು. ನಮ್ಮ ಭಾಷೆಯನ್ನ ಬೇರೆಯವರ ಲಿಪಿಯಲ್ಲಿ ಯಾಕೆ ಬರೀಬೇಕು ಅಂತ 1925ರಲ್ಲಿ ಓಲ್ ಚಿಕಿ ಲಿಪಿ ಮಾಡಿದ್ರು. 30 ಅಕ್ಷರ. 2003ರ 92ನೇ ತಿದ್ದುಪಡಿಯಲ್ಲಿ ಸಂತಾಲಿ ಎಂಟನೇ ಅನುಸೂಚಿಗೆ ಸೇರ್ತು. ನೋಟ್ಸಲ್ಲಿ ಈ ತಿದ್ದುಪಡಿ ಬರ್ಕೊಂಡಾಗ ಬೋಡೋ, ಡೋಗ್ರಿ, ಮೈಥಿಲಿ, ಸಂತಾಲಿ ಅಂತ ಉರು ಹೊಡೆದಿದ್ವಲ್ಲ, ಆ ಕೊನೇ ಪದದ ಹಿಂದೆ ಇಷ್ಟೆಲ್ಲ ಇದೆ.

ಭಾಗ 8/8 – ಹಾಗಾದ್ರೆ ಹೇಗೆ ಹೇಳ್ಕೊಡೋದು?

ನಮ್ಮ ಹತ್ರದಿಂದಲೇ ಶುರು ಮಾಡಬಹುದು. ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟಕ್ಕೆ ಎಷ್ಟೋ ಜನ ಟ್ರಿಪ್ ಹೋಗಿ ಸ್ಟೋರಿ ಹಾಕಿದ್ದೀರ. ಅಲ್ಲಿನ ಸೋಲಿಗರಿಗೆ ರಂಗಸ್ವಾಮಿ 'ಭಾವ'. ಯಾಕಂದ್ರೆ ಅವರ ಮನೆಮಗಳು ಕುಸುಮಾಲೆಯನ್ನ ಅವನು ಮದುವೆ ಆದ. ಅದೇ ಕಾಡಲ್ಲಿ ದೊಡ್ಡಸಂಪಿಗೆ ಮರ ಅವರಿಗೆ ಪೂಜ್ಯ. ಮೂಲಪುರುಷ ಕಾರಯ್ಯನ ಕಥೆ ಬೇರೆ ಇದೆ. ಕುಲಕ್ಕೊಂದು ಎಲ್ಲೆ, ಎಲ್ಲೆಯೊಳಗೆ ದೇವರ ಜಾಗಗಳು. 2011ರಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶ ಆಯ್ತು. ಅದೇ ವರ್ಷ 2006ರ ಅರಣ್ಯ ಹಕ್ಕು ಕಾಯ್ದೆ ಅಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕೂ ಸಿಕ್ತು. 'ಈ ಕಾಡಿಗೂ ನಿಮಗೂ ಏನು ಸಂಬಂಧ?' ಅಂತ ಕೇಳಿದ್ರೆ ಅವರು ತೋರಿಸೋ ಉತ್ತರದಲ್ಲಿ ಆ ಕಥೆ, ಆ ಜಾಗ ಎಲ್ಲ ಇರುತ್ತೆ.

ಪಾಠ ಮಾಡೋರಿಗೆ ನನ್ನ ಕಡೆಯಿಂದ ಇಷ್ಟು:

• 'ಆದಿವಾಸಿಗಳು' ಅಂತ ಒಟ್ಟಾಗಿ ಬೇಡ. ಯಾರು ಅಂತ ಹೆಸರು ಹೇಳಿ. ಸಂತಾಲರ ಕಥೆ ಸೋಲಿಗರದ್ದಲ್ಲ.
• ವರ್ತಮಾನಕಾಲದಲ್ಲಿ ಹೇಳಿ. 'ಹೇಳ್ತಾರೆ', 'ಮಾಡ್ತಾರೆ'.
• ನಿಜಾನಾ ಸುಳ್ಳಾ ಅಂತ ಓಟ್ ಹಾಕಿಸಬೇಡಿ. ಭೂಮಿ ಹೇಗಾಯ್ತು ಅಂತ ವಿಜ್ಞಾನದ ಪೀರಿಯಡ್ ಹೇಳುತ್ತೆ. ನಾವು ಕೇಳಬೇಕಾದ್ದು ಮೂರು: ಇದನ್ನ ಯಾರು ಹೇಳ್ತಾರೆ? ಯಾವಾಗ ಹೇಳ್ತಾರೆ? ಕೇಳಿದವರು ಅದರಿಂದ ಏನು ಮಾಡ್ತಾರೆ?
• ಬರೆದಿಟ್ಟವರು ಯಾರು ಅಂತ ಹೇಳಿ.
• ಆ ಸಮುದಾಯದ ಮಗು ಕ್ಲಾಸಲ್ಲಿದ್ರೆ ಎದ್ದು ನಿಲ್ಲಿಸಿ 'ನೀನೇ ಹೇಳು' ಅಂತ ಒತ್ತಾಯ ಮಾಡಬೇಡಿ. ಅದಕ್ಕೆ ಹೇಳೋ ಮನಸ್ಸಿದ್ರೆ ಮಾತ್ರ. ಹಿರಿಯರು ಯಾರಾದ್ರೂ ಬರೋದಾದ್ರೆ ಅವರನ್ನೇ ಕರೀರಿ.
• ದಯವಿಟ್ಟು, ವಾರ್ಷಿಕೋತ್ಸವದಲ್ಲಿ ಸೊಂಟಕ್ಕೆ ಎಲೆ ಕಟ್ಟಿ, ಮುಖಕ್ಕೆ ಕಪ್ಪು ಬಳ್ಕೊಂಡು ಕುಣಿಯೋ 'ಕಾಡುಜನ ಡ್ಯಾನ್ಸ್' ನಿಲ್ಲಿಸಿ. ನೋಡ್ತಾ ಕೂತಿರೋ ಮಕ್ಕಳಲ್ಲಿ ಒಬ್ಬರಿಗೆ ಅದು ತನ್ನ ಅಜ್ಜಿ.

ಇದಕ್ಕೆ ಹೊಸ ಟೆಕ್ಸ್ಟ್‌ಬುಕ್ ಬೇಡ. ಒಂದು ಪೀರಿಯಡ್, ಒಂದು ಕಥೆ, ಮೂರು ಪ್ರಶ್ನೆ ಸಾಕು.

ನಿಮ್ಮ ಊರಲ್ಲಿ, ನಿಮ್ಮ ಮನೆಯಲ್ಲಿ 'ನಾವು ಇಲ್ಲಿಗೆ ಹೇಗೆ ಬಂದ್ವಿ' ಅಂತ ಹೇಳೋ ಕಥೆ ಇದ್ರೆ ಕಾಮೆಂಟಲ್ಲಿ ಬರೀರಿ. ಯಾರು ಹೇಳಿದ್ದು, ಯಾವ ಸಂದರ್ಭದಲ್ಲಿ ಹೇಳಿದ್ದು ಅಂತಾನೂ ಸೇರಿಸಿ. ಟ್ಯೂಷನ್ ಮಾಡೋ ಫ್ರೆಂಡ್‌ಗೆ ಈ ಸರಣಿ ಕಳಿಸಿ, ಎಕ್ಸಾಮ್ ಮುಗಿದ ಮೇಲೆ ಓದ್ತೀನಿ ಅನ್ನೋರು ಸೇವ್ ಮಾಡ್ಕೊಳ್ಳಿ.

#ಇತಿಹಾಸ #ಸಂತಾಲ #ಆದಿವಾಸಿ #ಹುಟ್ಟಿನಕಥೆ #ಸೋಲಿಗ #ಕನ್ನಡದಲ್ಲಿಓದಿ